ವಿದ್ಯೆಗೆ ಧನವೆಲ್ಲಿಂದ? ಜಮ್ಶೇಟ್‌ಜಿ ಟಾಟಾ ಮಹಾಶಯರ ಜೀವನವು ಕೊಡುವ ಉತ್ತರ

ದುಬಾರೆಯೆಂದೊಡನೆ ನಮ್ಮ ನಾಡಿನವರಿಗೆ ನೆನಪಾಗುವುದು ಆನೆಗಳ ಬಿಡಾರ. ಕಾವೇರಿಯ ದಡದಲ್ಲಿರುವ ಆ ಬಿಡಾರದ ಆನೆಗಳು ಒಂದಾನೊಂದು ಕಾಲದಲ್ಲಿ ಕಾಡಿನ ಮರದ ದಿಮ್ಮಿಗಳನ್ನು ಎಳೆಯುತ್ತಿದ್ದುವು. ಈಗ ದಸರೆಯ ಮೆರವಣಿಗೆಗೆಂದು ಅಲ್ಲಿಂದ ಮೈಸೂರಿಗೆ ಹೋಗಿಬರುತ್ತವೆ. ಅವುಗಳನ್ನು ನೋಡಬೇಕೆಂದು ಹೊಳೆಯ ದಡಕ್ಕೆ ಬರುವ ಪ್ರವಾಸಿಗರಿಗೆ ಲೆಕ್ಕವಿಲ್ಲ. ಆದರೆ ಆ ಆನೆಗಳ ಮಾವುತರೂ ಕಾವಾಡಿಗರೂ ಆಗಿ ತಲೆತಲಾಂತರದಿಂದ ದುಡಿಯುತ್ತ ಬಂದಿರುವ ಜೇನುಕುರುಬರ ಹಾಡಿಯ ಕಡೆಗೆ ಕಣ್ಣು ಹಾಯಿಸುವವರು ವಿರಳ. ಆ ಹಾಡಿಯ ಹುಡುಗನೊಬ್ಬನು ಹತ್ತನೆಯ ತರಗತಿಯನ್ನು ದಾಟಿ, ಕಾಲೇಜನ್ನು ಸೇರಿ, ಅಲ್ಲಿಂದಲೂ ಮುಂದಕ್ಕೆ ಹೋಗಿ ಶಾಸ್ತ್ರಜ್ಞಾನವನ್ನು ಸಂಪಾದಿಸಬೇಕೆಂದು ಬಯಸಿದನಾದರೆ, ಅದಕ್ಕೆ ಬೇಕಾದ ದ್ರವ್ಯವು ಎಲ್ಲಿಂದ ಬರಬೇಕು? ಈ ಪ್ರಶ್ನೆಯು ಒಂದು ಹಾಡಿಗೆ ಮಾತ್ರ ಸಂಬಂಧಪಟ್ಟುದಲ್ಲ. ಇಡೀ ಕೊಡಗಿನ ಪ್ರಶ್ನೆಯೂ ಇದೇ ಆಗಿದೆ.

ಕೊಡಗು ೧೮೩೪ರಲ್ಲಿ ಇಂಗ್ಲಿಷರ ಕೈಸೇರಿದ ಮೇಲೆ ನೂರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿ ಪದವಿ ಕಾಲೇಜೊಂದು ಇರಲಿಲ್ಲ. ಮೇಲಿನ ವಿದ್ಯೆಯನ್ನು ಬಯಸಿದವರು ಘಟ್ಟವಿಳಿದು ಮಂಗಳೂರಿಗೋ, ಮೈಸೂರು ಬೆಂಗಳೂರುಗಳಿಗೋ, ಮದರಾಸಿಗೋ ಹೋಗಬೇಕಾಗಿದ್ದಿತು. ಮಡಿಕೇರಿಯ ಸರ್ಕಾರಿ ಕಾಲೇಜು ಪ್ರಾರಂಭವಾದದ್ದು ೧೯೪೯ರಲ್ಲಿ. ಆ ಮೇಲೆ ಕುಶಾಲನಗರದ ಆಚೆ, ದುಬಾರೆಗೆ ಬಹುದೂರವಲ್ಲದ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ನೆಲೆಗೊಂಡು, ೨೦೨೩ರಲ್ಲಿ ಅದೇ ಕೊಡಗು ವಿಶ್ವವಿದ್ಯಾಲಯವಾಯಿತು. ಎರಡು ವರ್ಷ ತುಂಬುವ ಮೊದಲೇ, ೨೦೨೫ರ ಫೆಬ್ರವರಿಯಲ್ಲಿ, ಮಂತ್ರಿಮಂಡಲದ ಉಪಸಮಿತಿಯೊಂದು ರಾಜ್ಯದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವುದು ಲೇಸೆಂದು ಶಿಫಾರಸು ಮಾಡಿದಾಗ ಕೊಡಗಿನ ಹೆಸರೂ ಆ ಪಟ್ಟಿಯಲ್ಲಿದ್ದಿತು. ಹಣದ ಮುಗ್ಗಟ್ಟೇ ಅದಕ್ಕೆ ಹೇಳಿದ ಮುಖ್ಯ ಕಾರಣ. ಸರ್ಕಾರದವರನ್ನು ದೂಷಿಸುವುದು ಸುಲಭ. ದೂಷಿಸಬೇಕಾದ ಅಂಶಗಳೂ ಇಲ್ಲದಿಲ್ಲ. ಆದರೆ ವಿದ್ಯಾಸಂಸ್ಥೆಯೊಂದಕ್ಕೆ ಶಾಶ್ವತವಾದ ದ್ರವ್ಯಾಧಾರವನ್ನು ಹೊಂದಿಸುವ ಕೆಲಸವು ಎಷ್ಟು ದೀರ್ಘವಾದುದು, ಎಷ್ಟು ಕಠಿನವಾದುದು, ಅದಕ್ಕೆ ಯಾರು ಯಾರು ಹೆಗಲು ಕೊಡಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ವಿವೇಕ. ಇದನ್ನು ತಿಳಿಸಿಕೊಡುವ ಜೀವನ ಚರಿತ್ರೆಯೊಂದು ನಮ್ಮ ನಾಡಿನ ಇತಿಹಾಸದೊಡನೆಯೇ ಹೆಣೆದುಕೊಂಡಿದೆ. ಅದು ಜಮ್ಶೇಟ್‌ಜಿ ನಸರ್‌ವಾನ್‌ಜಿ ಟಾಟಾ ಅವರದು.

ಟಾಟಾ ಅವರು ೧೮೩೯ನೆಯ ಇಸವಿ ಮಾರ್ಚ್ ೩ರಂದು ಬಡೋದೆ ಸಂಸ್ಥಾನಕ್ಕೆ ಸೇರಿದ್ದ ನವಸಾರಿಯಲ್ಲಿ ಜನಿಸಿದರು. ಅವರ ವಂಶದವರು ಪಾರಸಿಗಳ ಪುರೋಹಿತ ಮನೆತನದವರು. ತಂದೆಯಾದ ನಸರ್‌ವಾನ್‌ಜಿಯವರು ಕುಲವೃತ್ತಿಯನ್ನು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರಕ್ಕೆ ಕೈಹಾಕಿದ್ದರು. ಮಗನಿಗೆ ಹೊಸ ವಿದ್ಯೆಯನ್ನು ಕಲಿಸಬೇಕೆಂಬ ಬಯಕೆ ಅವರಿಗೆ ಬಲವಾಗಿದ್ದಿತು. ಅಂತೆಯೇ ಜಮ್ಶೇಟ್‌ಜಿಯವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ೧೮೫೮ರಲ್ಲಿ ವ್ಯಾಸಂಗವನ್ನು ಪೂರೈಸಿದರು. ಆ ಕಾಲದಲ್ಲಿ ಪುಸ್ತಕಗಳ ಮೇಲೆ ಹುಟ್ಟಿದ ಪ್ರೀತಿಯು ಕೊನೆಯ ತನಕ ಅವರನ್ನು ಬಿಡಲಿಲ್ಲ.

ಮರುವರ್ಷ ಅವರು ತಂದೆಯ ವ್ಯಾಪಾರವನ್ನು ಸೇರಿ ಹಾಂಗ್‌ಕಾಂಗಿಗೆ ತೆರಳಿದರು. ಆ ಕಾಲದ ಮುಂಬಯಿ ವರ್ತಕರ ಚೀನಾ ವ್ಯಾಪಾರದಲ್ಲಿ ಹತ್ತಿಯ ಜೊತೆಗೆ ಅಫೀಮೂ ಇದ್ದಿತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಟಾಟಾ ಮನೆತನದ ವ್ಯಾಪಾರವೂ ಇದಕ್ಕೆ ಹೊರತಾಗಿರಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಆಕಾಶಕ್ಕೇರಿ, ಯುದ್ಧವು ೧೮೬೫ರಲ್ಲಿ ಮುಗಿಯುತ್ತಲೇ ಪಾತಾಳಕ್ಕಿಳಿಯಿತು. ಮುಂಬಯಿಯ ಎಷ್ಟೋ ಕೋಠಿಗಳು ದಿವಾಳಿ ತೆಗೆದುವು. ಆಗ ಲಂಡನ್ನಿನಲ್ಲಿದ್ದ ತರುಣ ಟಾಟಾ ಅವರು ಸಾಲಗಾರರಿಂದ ತಲೆಮರೆಸಿಕೊಳ್ಳದೆ, ಲೆಕ್ಕಪತ್ರಗಳನ್ನು ಅವರ ಮುಂದಿಟ್ಟು, ವ್ಯವಹಾರವನ್ನು ಮುಗಿಸುವ ಹೊಣೆಯನ್ನು ತಾವೇ ಹೊತ್ತು ಅವರ ವಿಶ್ವಾಸವನ್ನು ಉಳಿಸಿಕೊಂಡರು. ಅಬಿಸೀನಿಯದ ಮೇಲೆ ಇಂಗ್ಲಿಷರು ದಂಡೆತ್ತಿ ಹೋದಾಗ ಸೈನ್ಯಕ್ಕೆ ಸಾಮಾನು ಒದಗಿಸುವ ಗುತ್ತಿಗೆಯಲ್ಲಿ ಮನೆತನಕ್ಕೆ ಪಾಲು ದೊರೆತು ಕೈ ಸ್ವಲ್ಪ ಬಲವಾಯಿತು. ೧೮೬೮ರಲ್ಲಿ ೨೧,೦೦೦ ರೂಪಾಯಿಗಳ ಮೂಲಧನದಿಂದ ಟಾಟಾ ಅವರು ಸ್ವಂತ ವ್ಯಾಪಾರವನ್ನು ಹೂಡಿದರು. ಇಷ್ಟರಿಂದ ತಿಳಿಯುವುದೇನೆಂದರೆ, ಮುಂದೆ ಅವರು ವಿದ್ಯೆಗೆಂದು ಕೊಟ್ಟ ಧನವು ಅನಾಯಾಸವಾಗಿ ಕೈಸೇರಿದ ಪಿತ್ರಾರ್ಜಿತವಾಗಿರಲಿಲ್ಲ. ಒಮ್ಮೆ ಎಲ್ಲವನ್ನೂ ಕಳೆದುಕೊಳ್ಳುವ ಅಂಚಿಗೆ ಬಂದು ಮತ್ತೆ ದುಡಿದು ಗಳಿಸಿದುದಾಗಿದ್ದಿತು.

ಅನಂತರದ ಇತಿಹಾಸವು ಪ್ರಸಿದ್ಧವಾದುದು. ಹತ್ತಿ ಬೆಳೆಯುವ ಸೀಮೆಯ ನಡುವೆಯೇ ಗಿರಣಿಯಿರಬೇಕೆಂದು ಬಗೆದು ಅವರು ನಾಗಪುರವನ್ನು ಆರಿಸಿಕೊಂಡರು. ಮುಂಬಯಿಯ ಸಾಹುಕಾರರು ಮೊದಲು ನಕ್ಕರಂತೆ. ೧೮೭೭ರ ಜನವರಿ ೧ರಂದು ಅಲ್ಲಿ ಎಂಪ್ರೆಸ್ ಗಿರಣಿಯು ತೆರೆಯಿತು. ೧೮೮೬ರಲ್ಲಿ ಮುಂಬಯಿಯ ಬಳಿಯ ಕುರ್ಲಾದಲ್ಲಿ ಹಾಳುಬಿದ್ದಿದ್ದ ಗಿರಣಿಯೊಂದನ್ನು ಕೊಂಡು ಅದಕ್ಕೆ ಸ್ವದೇಶಿಯೆಂದು ಹೆಸರಿಟ್ಟರು. ವಂಗಭಂಗದ ಚಳವಳಿಗೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆಯೇ ಆ ಪದವು ಒಂದು ಕಾರ್ಖಾನೆಯ ಬಾಗಿಲ ಮೇಲೆ ಬರೆಯಲ್ಪಟ್ಟಿತೆಂಬುದು ಸ್ಮರಣೀಯವಾಗಿದೆ. ಕೂಲಿಗಾರರಿಗೆ ನಿವೃತ್ತಿ ವೇತನದ ನಿಧಿಯನ್ನು ಏರ್ಪಡಿಸಿದವರಲ್ಲಿಯೂ ಅವರು ಮುಂಚೂಣಿಯಲ್ಲಿದ್ದರು. ಉಕ್ಕಿನ ಕಾರ್ಖಾನೆ, ಜಲಪಾತದಿಂದ ವಿದ್ಯುಚ್ಛಕ್ತಿ, ವಿಜ್ಞಾನದ ಉನ್ನತ ಶಾಲೆ ಈ ಮೂರೂ ಅವರ ಮನಸ್ಸನ್ನು ಆವರಿಸಿದ್ದುವು. ಈ ಮೂರನ್ನೂ ಅವರು ಕಣ್ಣಾರೆ ಕಾಣಲಿಲ್ಲ. ಮೂರೂ ಅವರ ತರುವಾಯ ಕೈಗೂಡಿದುವು.

ವಿದ್ಯೆಯ ವಿಷಯದಲ್ಲಿ ಅವರು ಇಟ್ಟ ಮೊದಲ ಹೆಜ್ಜೆಯು ೧೮೯೨ರಲ್ಲಿ ಸ್ಥಾಪಿಸಿದ ನಿಧಿ. ಬುದ್ಧಿಶಾಲಿಗಳಾದ ತರುಣರು ಹೊರದೇಶಗಳಿಗೆ ಹೋಗಿ ಮೇಲಿನ ವ್ಯಾಸಂಗ ಮಾಡುವುದಕ್ಕೆ ಆ ನಿಧಿಯಿಂದ ಹಣ ಸಲ್ಲುತ್ತಿದ್ದಿತು. ಮೊದಲು ಪಾರಸಿಗಳಿಗೆ ಮಾತ್ರ ಮೀಸಲಾಗಿದ್ದ ಅದನ್ನು ಎರಡೇ ವರ್ಷಗಳಲ್ಲಿ ಸಮಸ್ತ ಭಾರತೀಯರಿಗೂ ತೆರೆದರು. ಮೊದಮೊದಲು ನೆರವು ಪಡೆದವರಲ್ಲಿ ವೈದ್ಯವಿದ್ಯೆಗೆಂದು ಹೋದ ಮಹಿಳೆಯರೂ ಇದ್ದರೆಂಬುದನ್ನು ಇಲ್ಲಿ ಹೇಳಬೇಕು. ಈ ಏರ್ಪಾಡಿನ ಮರ್ಮವನ್ನು ನಮ್ಮ ದಾನಿಗಳು ಗಮನಿಸಬೇಕು. ಅದು ಭಿಕ್ಷೆಯಾಗಿರಲಿಲ್ಲ, ಸಾಲವಾಗಿದ್ದಿತು. ಓದಿ ಮುಗಿಸಿ ಸಂಪಾದನೆಗೆ ತೊಡಗಿದ ಮೇಲೆ ವಿದ್ಯಾರ್ಥಿಯು ಅದನ್ನು ಹಿಂದಿರುಗಿಸಬೇಕು. ಹಿಂದಿರುಗಿದ ಹಣವು ಮತ್ತೊಬ್ಬನಿಗೆ ಒದಗಬೇಕು. ಪಡೆದವನ ಮಾನವೂ ಉಳಿಯಿತು, ನಿಧಿಯೂ ಬತ್ತಲಿಲ್ಲ. ಒಂದು ಸಲ ತುಂಬಿದ ಕೆರೆಯಿಂದ ವರ್ಷವರ್ಷವೂ ಗದ್ದೆಗೆ ನೀರು ಹರಿಯುವಂತೆ ಆ ನಿಧಿಯು ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದುಬಂದಿದೆ.

ಆದರೆ ಕೆಲವರನ್ನು ಹೊರದೇಶಕ್ಕೆ ಕಳುಹಿಸುವುದರಿಂದಲೇ ದೇಶದ ಕೊರತೆ ತುಂಬದೆಂದು ಅವರಿಗೆ ಬೇಗನೆ ಮನವರಿಕೆಯಾಯಿತು. ಆಗ ಇದ್ದ ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಕಛೇರಿಗಳಾಗಿದ್ದುವು; ಹೊಸದನ್ನು ಶೋಧಿಸುವ ಮಂದಿರಗಳಾಗಿರಲಿಲ್ಲ. ಪದವಿಯನ್ನು ಪಡೆದ ಮೇಲೆ ಸಂಶೋಧನೆಗೆ ತೊಡಗುವವರಿಗಾಗಿ ಭಾರತದಲ್ಲಿಯೇ ಒಂದು ಸಂಸ್ಥೆಯಿರಬೇಕೆಂದು ೧೮೯೬ರ ಹೊತ್ತಿಗೆ ಅವರು ನಿಶ್ಚಯಿಸಿದರು. ಇಲ್ಲಿಂದ ಮುಂದಿನ ಕಥೆಯು ಧನಸಂಗ್ರಹದ ಕಥೆ. ಅದು ಹದಿನೈದು ವರ್ಷಗಳು ನಡೆಯಿತು.

ಅವರು ಮಾಡಿದ ಮೊದಲನೆಯ ಕೆಲಸವೆಂದರೆ, ಬೇರೆಯವರ ಮುಂದೆ ಕೈನೀಡುವ ಮೊದಲು ತಮ್ಮ ಗಂಟನ್ನು ಬಿಚ್ಚಿದುದು. ಮುಂಬಯಿಯಲ್ಲಿ ತಮಗಿದ್ದ ೧೪ ಕಟ್ಟಡಗಳನ್ನೂ ೪ ಭೂಸ್ವತ್ತುಗಳನ್ನೂ ಇದಕ್ಕೆಂದು ಎತ್ತಿಟ್ಟರು. ಅವುಗಳ ಬೆಲೆಯು ಆ ಕಾಲದ ಸುಮಾರು ೩೦ ಲಕ್ಷ ರೂಪಾಯಿ. ವಾರ್ಷಿಕ ವರಮಾನವು ಸುಮಾರು ೧,೨೫,೦೦೦ ರೂಪಾಯಿ. ಒಂದೇ ಸಲಕ್ಕೆ ಖರ್ಚಾಗಿ ಹೋಗುವ ನಗದನ್ನು ಕೊಡದೆ ವರ್ಷವರ್ಷವೂ ಬಾಡಿಗೆ ತರುವ ಸ್ವತ್ತನ್ನು ಕೊಟ್ಟದ್ದರಲ್ಲಿ ವ್ಯಾಪಾರಿಯ ದೂರದೃಷ್ಟಿಯು ಕಾಣುತ್ತದೆ. ಎರಡನೆಯದಾಗಿ, ತಮ್ಮ ವಿಶ್ವಾಸಪಾತ್ರರಾದ ಬುರ್ಜೋರ್‌ಜಿ ಪಾದಶಾ ಅವರನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿ, ಅಲ್ಲಿಯ ವಿದ್ಯಾಪೀಠಗಳು ಹೇಗೆ ನಡೆಯುತ್ತವೆ, ಅವುಗಳ ಆಯವ್ಯಯವೆಷ್ಟು ಎಂಬುದನ್ನು ಪರಿಶೀಲಿಸಿ ವರದಿ ತರಿಸಿಕೊಂಡರು. ಮೂರನೆಯದಾಗಿ, ಗಣ್ಯರನ್ನೊಳಗೊಂಡ ತಾತ್ಕಾಲಿಕ ಸಮಿತಿಯೊಂದು ಏರ್ಪಟ್ಟು ಯೋಜನೆಯ ಕರಡನ್ನು ಸಿದ್ಧಪಡಿಸಿತು. ಹೀಗೆ ಸ್ವಂತ ಧನ, ಪರಿಶೀಲನೆ, ಬರೆದಿಟ್ಟ ಯೋಜನೆ ಈ ಮೂರೂ ಕೈಯಲ್ಲಿರುವಾಗ ಮಾತ್ರ ಅವರು ಸರ್ಕಾರದ ಬಾಗಿಲನ್ನು ತಟ್ಟಿದರು.

ಇದೇ ಕಾಲದಲ್ಲಿ ಅವರು ಸ್ವಾಮಿ ವಿವೇಕಾನಂದರಿಗೂ ಪತ್ರ ಬರೆದರು. ೧೮೯೩ರಲ್ಲಿ ಯೋಕೋಹಾಮಾದಿಂದ ವ್ಯಾಂಕೂವರಿಗೆ ಹೋಗುವ ಹಡಗಿನಲ್ಲಿ ಇಬ್ಬರೂ ಸಹಪ್ರಯಾಣಿಕರಾಗಿದ್ದರು. ಭಾರತದ ತ್ಯಾಗಭಾವನೆಯನ್ನು ವಿಜ್ಞಾನದ ಸೇವೆಯ ಕಡೆಗೆ ತಿರುಗಿಸುವ ಕಾರ್ಯದಲ್ಲಿ ಸ್ವಾಮಿಗಳು ಮುಂದಾಳಾಗಬೇಕೆಂಬುದು ೧೮೯೮ರ ನವೆಂಬರಿನ ಆ ಪತ್ರದ ತಾತ್ಪರ್ಯ. ಸ್ವಾಮಿಗಳ ಬಳಗದ ಪತ್ರಿಕೆಯಾದ ಪ್ರಬುದ್ಧ ಭಾರತವು ಮರುವರ್ಷ ಯೋಜನೆಯನ್ನು ಬಲವಾಗಿ ಸಮರ್ಥಿಸಿತು. ಸೋದರಿ ನಿವೇದಿತಾ ಅವರೂ ಅದರ ಪರವಾಗಿ ದುಡಿದರು. ಹಣಕ್ಕಿಂತ ಮೊದಲು ಜನಾಭಿಪ್ರಾಯವನ್ನು ಗಳಿಸಬೇಕೆಂಬುದು ಟಾಟಾ ಅವರಿಗೆ ತಿಳಿದಿದ್ದಿತು.

೧೮೯೮ರ ಡಿಸೆಂಬರ್ ೩೧ರಂದು ಸಮಿತಿಯವರು ಆಗತಾನೇ ಮುಂಬಯಿಯಲ್ಲಿ ಬಂದಿಳಿದಿದ್ದ ನೂತನ ವೈಸರಾಯ್ ಲಾರ್ಡ್ ಕರ್ಜನ್ನರನ್ನು ಕಂಡು ಯೋಜನೆಯನ್ನು ಒಪ್ಪಿಸಿದರು. ಪ್ರಭುಗಳ ಉತ್ಸಾಹವು ತಣ್ಣಗಿದ್ದಿತು. ಇಷ್ಟು ಮೇಲ್ಮಟ್ಟದ ವಿದ್ಯೆಗೆ ಭಾರತದಲ್ಲಿ ವಿದ್ಯಾರ್ಥಿಗಳು ದೊರೆಯುವರೇ, ದೊರೆತರೂ ಕಲಿತವರಿಗೆ ಉದ್ಯೋಗವೆಲ್ಲಿದೆ ಎಂಬ ಸಂದೇಹಗಳನ್ನು ಅವರು ಎತ್ತಿದರು. ನಮ್ಮ ದೇಶದ ಯುವಕರ ಯೋಗ್ಯತೆಯನ್ನು ಪರಕೀಯ ಸರ್ಕಾರವು ಅಳೆದ ಬಗೆಯಿದು! ಆದರೂ ನ್ಯಾಯಕ್ಕಾಗಿ ಮತ್ತೊಂದು ಮಾತನ್ನೂ ಹೇಳಬೇಕು. ಟಾಟಾ ಅವರ ಮೊದಲಿನ ಯೋಜನೆಯಲ್ಲಿ ಒಂದು ತೊಡಕಿದ್ದಿತು. ಸಂಸ್ಥೆಯ ನಿಧಿಯನ್ನೂ ತಮ್ಮ ಕುಟುಂಬದ ಸ್ವತ್ತಿನ ಏರ್ಪಾಡನ್ನೂ ಅವರು ಒಂದೇ ಕಟ್ಟಿನಲ್ಲಿ ಕಟ್ಟಿ, ಅದಕ್ಕೆ ಶಾಸನದ ರಕ್ಷೆಯನ್ನು ಬಯಸಿದ್ದರು. ಸಾರ್ವಜನಿಕ ದಾನವೂ ಮನೆತನದ ಹಿತವೂ ಒಂದೇ ಪತ್ರದಲ್ಲಿ ಬೆರೆಯುವುದನ್ನು ಸರ್ಕಾರದವರು ಆಕ್ಷೇಪಿಸಿದರು. ಟಾಟಾ ಅವರು ಕೊನೆಗೆ ಆ ಷರತ್ತನ್ನು ಕೈಬಿಟ್ಟರು. ಕೊಡುವವನು ತನ್ನ ಹಟವನ್ನೂ ಕೊಟ್ಟಾಗಲೇ ದಾನವು ಪೂರ್ಣವಾಗುವುದು.

ಸರ್ಕಾರದ ಪರಿಶೀಲನೆಯು ನಿಧಾನವಾಗಿ ನಡೆಯಿತು. ಲಂಡನ್ನಿನ ರಸಾಯನಶಾಸ್ತ್ರಜ್ಞರಾದ ವಿಲಿಯಂ ರಾಮ್ಸೆಯವರು ೧೯೦೦ರ ಕೊನೆಯಲ್ಲಿ ಇಲ್ಲಿಗೆ ಬಂದು ದೇಶವನ್ನು ಸುತ್ತಿ, ಸಂಸ್ಥೆಗೆ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದರು. ಅದು ಸಾಲದೆಂದು ಮೆಲ್ಬರ್ನಿನ ಮ್ಯಾಸನ್ ಮತ್ತು ರೂರ್ಕಿಯ ಕ್ಲಿಬರ್ನ್ ಎಂಬಿಬ್ಬರು ಮತ್ತೆ ಪರಿಶೀಲಿಸಿದರು. ತತ್ತ್ವಶಾಸ್ತ್ರ, ಶಿಕ್ಷಣ, ವೈದ್ಯ ಮೊದಲಾದ ವಿಭಾಗಗಳನ್ನೂ ಒಳಗೊಂಡಿದ್ದ ಮೊದಲಿನ ವಿಶಾಲ ಯೋಜನೆಯು ಕಿರಿದಾಗಿ, ವಿಜ್ಞಾನ ಮತ್ತು ಅದರ ಉಪಯೋಗಕ್ಕೆ ಸೀಮಿತವಾಯಿತು.

ಇಲ್ಲಿ ನಮ್ಮ ಕನ್ನಡ ನಾಡಿನ ಪಾತ್ರವು ಬರುತ್ತದೆ. ಮೈಸೂರಿನಲ್ಲಿ ಆಗ ಶ್ರೀಮನ್ಮಹಾರಾಜ ಕೃಷ್ಣರಾಜ ಒಡೆಯರವರು ಇನ್ನೂ ಬಾಲಕರು. ಅವರ ತಾಯಿಯವರಾದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯಭಾರ ಮಾಡುತ್ತಿದ್ದರು. ದಿವಾನರು ಸರ್ ಕೆ. ಶೇಷಾದ್ರಿ ಅಯ್ಯರ್. ಟಾಟಾ ಅವರಿಗೆ ಮೈಸೂರು ಅಪರಿಚಿತವಾಗಿರಲಿಲ್ಲ. ಇಲ್ಲಿಯ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಹೋರ್ಮಸ್‌ಜಿ ಭಾಭಾ ಅವರ ಮಗಳು ಮೆಹರ್‌ಬಾಯಿಯವರನ್ನು ಹಿರಿಯ ಮಗ ದೋರಾಬ್‌ಜಿಯವರು ೧೮೯೮ರಲ್ಲಿ ವಿವಾಹವಾಗಿದ್ದರು. ಜಪಾನೀ ಪದ್ಧತಿಯ ರೇಷ್ಮೆ ಕೃಷಿಯನ್ನು ಪ್ರಚಾರ ಮಾಡುವುದಕ್ಕಾಗಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ಹಾಕಿಸಿದ್ದರು. ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಿನಲ್ಲಿ ಅದರ ನೆನಪು ಇನ್ನೂ ಉಳಿದಿದೆ. ಶೇಷಾದ್ರಿ ಅಯ್ಯರವರು ಬೆಂಗಳೂರಿನಲ್ಲಿ ಭೂಮಿಯನ್ನೂ ಹಣವನ್ನೂ ಕೊಡಲು ಮುಂದಾದರು. ಮೈಸೂರು ಸಂಸ್ಥಾನವು ೩೭೧ ಎಕರೆ ಭೂಮಿಯನ್ನೂ, ಕಟ್ಟಡ ಮೊದಲಾದುವಕ್ಕೆ ೫ ಲಕ್ಷ ರೂಪಾಯಿಗಳನ್ನೂ, ವರ್ಷವೊಂದಕ್ಕೆ ೫೦,೦೦೦ ರೂಪಾಯಿಗಳನ್ನೂ ಕೊಟ್ಟಿತು. ಇಷ್ಟು ದೊಡ್ಡ ಕೈಯಿಂದ ಕೊಟ್ಟ ದೇಶೀಯ ಸಂಸ್ಥಾನವು ಬೇರೊಂದಿರಲಿಲ್ಲ.

ಈ ಉದಾರತೆಯ ಹಿಂದೆ ಕೊಡಗಿನ ಋಣವೂ ಇದೆಯೆಂದರೆ ಅತಿಶಯೋಕ್ತಿಯಾಗದು. ತಲಕಾವೇರಿಯಲ್ಲಿ ಹುಟ್ಟಿ ದುಬಾರೆಯ ಮಗ್ಗುಲಲ್ಲಿ ಹರಿಯುವ ನದಿಯೇ ಮುಂದೆ ಶಿವನಸಮುದ್ರದಲ್ಲಿ ಧುಮುಕುವುದು. ಶೇಷಾದ್ರಿ ಅಯ್ಯರವರು ಹಾಕಿದ ಯೋಜನೆಯಂತೆ ಆ ಜಲಪಾತದಿಂದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದುಹೋಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಟಾಟಾ ಅವರ ವಿದ್ಯಾಮಂದಿರದಲ್ಲಿ ಮೊದಲು ತೆರೆದ ವಿಭಾಗಗಳಲ್ಲಿ ವಿದ್ಯುತ್ ಶಾಸ್ತ್ರವೂ ಒಂದು. ಕೊಡಗಿನ ಮಳೆನೀರು ಚಿನ್ನವನ್ನು ಅಗೆಯುವುದಕ್ಕೂ ಪಟ್ಟಣವನ್ನು ಬೆಳಗುವುದಕ್ಕೂ ಒದಗಿತು. ಆದರೆ ಕೊಡಗಿನ ಮಕ್ಕಳಿಗೆ ಮಡಿಕೇರಿಯಲ್ಲಿ ಕಾಲೇಜು ಆಗುವುದಕ್ಕೆ ಅಲ್ಲಿಂದ ಮುಂದೆ ನಾಲ್ವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರರೂ ಆಗಿ ಬೆಂಗಳೂರಿನಲ್ಲಿ ಕುಳಿತಿದ್ದ ಕಾಲವದು. ಒಂದು ಕಡೆ ಪ್ರಜೆಗಳ ವಿದ್ಯೆಗೆ ಕೊಡಬಲ್ಲ ಸ್ವಂತ ರಾಜ್ಯವಿದ್ದಿತು. ಮತ್ತೊಂದು ಕಡೆ ಅದಿರಲಿಲ್ಲ. ಫಲದಲ್ಲಿ ಆದ ಅಂತರವನ್ನು ವಾಚಕರೇ ನೋಡಬಹುದು.

ಶೇಷಾದ್ರಿ ಅಯ್ಯರವರು ೧೯೦೧ರಲ್ಲಿ ತೀರಿಕೊಂಡರು. ಟಾಟಾ ಅವರ ಆರೋಗ್ಯವೂ ಕುಂದುತ್ತ ಬಂದಿತು. ೧೯೦೩ರ ಡಿಸೆಂಬರಿನಲ್ಲಿ ಮುಂಬಯಿಯ ತಾಜಮಹಲ್ ಹೋಟೆಲು ತೆರೆದುದನ್ನು ಅವರು ಕಂಡರು. ವಿದ್ಯಾಮಂದಿರದ ಒಂದು ಕಲ್ಲನ್ನೂ ಕಾಣಲಿಲ್ಲ. ಚಿಕಿತ್ಸೆಗೆಂದು ಯೂರೋಪಿಗೆ ಹೋಗಿದ್ದವರು ೧೯೦೪ರ ಮೇ ೧೯ರಂದು ಜರ್ಮನಿಯ ನೌಹೈಮಿನಲ್ಲಿ ದೈವಾಧೀನರಾದರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಯೋಜನೆಯನ್ನು ಮೊದಲು ಒಪ್ಪಿಸಿದ ದಿನದಿಂದ ಅಲ್ಲಿಗೆ ಐದು ವರ್ಷಗಳು ಕಳೆದಿದ್ದುವು. ಸರ್ಕಾರದ ಕಡತವು ಇನ್ನೂ ಮುಚ್ಚಿರಲಿಲ್ಲ.

ಸಾಮಾನ್ಯವಾಗಿ ನಮ್ಮಲ್ಲಿ ಹಿರಿಯನು ಸತ್ತೊಡನೆ ಅವನ ದಾನಪತ್ರಗಳು ನ್ಯಾಯಸ್ಥಾನದ ದಾರಿ ಹಿಡಿಯುವುದುಂಟು. ಟಾಟಾ ಅವರ ಮಕ್ಕಳಾದ ದೋರಾಬ್‌ಜಿ ಮತ್ತು ರತನ್‌ಜಿಯವರು ಹಾಗೆ ಮಾಡಲಿಲ್ಲ. ತಂದೆಯು ಎತ್ತಿಟ್ಟುದನ್ನು ಅವರು ಉಳಿಸಿ, ಪಾದಶಾ ಅವರೊಡನೆ ಕೂಡಿ ಸರ್ಕಾರದೊಡನೆ ಮಾತುಕತೆಯನ್ನು ಮುಂದುವರಿಸಿದರು. ಸ್ಥಳೀಯವಾಗಿ ದೊರೆಯುವ ವಾರ್ಷಿಕ ವರಮಾನದ ಅರ್ಧದಷ್ಟನ್ನು ತಾನು ಕೊಡುವುದಾಗಿ ಭಾರತ ಸರ್ಕಾರವು ಒಪ್ಪಿಕೊಂಡಿತು. ಈ ಸೂತ್ರವು ಲೆಕ್ಕ ಬಲ್ಲ ನಮ್ಮ ಅಧಿಕಾರಿಗಳಿಗೆ ರುಚಿಸಬಹುದು. ಟಾಟಾ ಸ್ವತ್ತಿನಿಂದ ೧,೨೫,೦೦೦ ರೂಪಾಯಿ, ಮೈಸೂರಿನಿಂದ ೫೦,೦೦೦ ರೂಪಾಯಿ, ಒಟ್ಟು ೧,೭೫,೦೦೦. ಅದರ ಅರ್ಧವಾದ ೮೭,೫೦೦ ರೂಪಾಯಿಯು ಸರ್ಕಾರದ ಪಾಲು. ಮೈಸೂರು ಕೊಟ್ಟ ಪ್ರತಿಯೊಂದು ರೂಪಾಯಿಯೂ ಕಲ್ಕತ್ತೆಯ ಬೊಕ್ಕಸದಿಂದ ಎಂಟಾಣೆಯನ್ನು ಎಳೆದುತಂದಿತು. ಸ್ಥಳೀಯರು ಕೊಡದಿದ್ದರೆ ಮೇಲಿನಿಂದಲೂ ಬರುತ್ತಿರಲಿಲ್ಲ. ಸ್ಥಳೀಯರು ಹೆಚ್ಚು ಕೊಟ್ಟಷ್ಟೂ ಮೇಲಿನವರು ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತಿದ್ದಿತು.

ಅನಂತರ ಕಾರ್ಯವು ವೇಗವಾಗಿ ನಡೆಯಿತು. ರಾಮ್ಸೆಯವರ ಸಹೋದ್ಯೋಗಿಗಳಾಗಿದ್ದ ಮಾರಿಸ್ ಟ್ರಾವರ್ಸ್ ಎಂಬವರು ಪ್ರಥಮ ನಿರ್ದೇಶಕರಾಗಿ ೧೯೦೬ರಲ್ಲಿ ಬಂದರು. ೧೯೦೭ರಲ್ಲಿ ಮೈಸೂರಿನ ಭೂದಾನವು ಕೈಸೇರಿತು. ೧೯೦೯ರ ಮೇ ೨೭ರಂದು ಧರ್ಮಾದಾಯಗಳ ಕಾಯಿದೆಯ ಪ್ರಕಾರ ನಿಧಿಯನ್ನು ವಹಿಸಿಕೊಡುವ ಆಜ್ಞೆಯು ಹೊರಟಿತು. ೧೯೧೧ರ ಫೆಬ್ರವರಿಯಲ್ಲಿ ಶ್ರೀಮನ್ಮಹಾರಾಜರವರು ಶಂಕುಸ್ಥಾಪನೆಯನ್ನು ನೆರವೇರಿಸಿದರು. ಅದೇ ವರ್ಷ ಜುಲೈ ೨೪ರಂದು ರಸಾಯನಶಾಸ್ತ್ರ ಮತ್ತು ವಿದ್ಯುತ್ ಶಾಸ್ತ್ರದ ವಿಭಾಗಗಳಿಗೆ ಮೊದಲ ವಿದ್ಯಾರ್ಥಿಗಳು ಸೇರಿದರು. ತಮ್ಮ ಹೆಸರನ್ನು ಸಂಸ್ಥೆಗೆ ಇಡಕೂಡದೆಂಬುದು ಟಾಟಾ ಅವರ ಸಂಕಲ್ಪವಾಗಿದ್ದಿತು. ಆದುದರಿಂದ ಅದು ಭಾರತೀಯ ವಿಜ್ಞಾನ ಮಂದಿರವೆಂದೇ ಹೆಸರಾಯಿತು. ಆದರೆ ಬೆಂಗಳೂರಿನ ಜನರು ಈ ಒಂದು ವಿಷಯದಲ್ಲಿ ದಾನಿಯ ಇಚ್ಛೆಯನ್ನು ಮೀರಿ, ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ವಿದ್ಯಾರ್ಥಿಗಳು ದೊರೆಯುವರೇ ಎಂದು ಸಂಶಯಪಟ್ಟ ಪ್ರಭುವಿಗೆ ಕಾಲವೇ ಉತ್ತರ ಕೊಟ್ಟಿತು. ೧೯೩೩ರಲ್ಲಿ ಸರ್ ಸಿ. ವಿ. ರಾಮನ್ನರು ಆ ಮಂದಿರಕ್ಕೆ ನಿರ್ದೇಶಕರಾದ ಮೊದಲ ಭಾರತೀಯರಾದರು. ಹೋರ್ಮಸ್‌ಜಿ ಭಾಭಾ ಅವರ ಮೊಮ್ಮಗ ಹೋಮಿ ಭಾಭಾ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯೇ ಕೆಲಸ ಮಾಡುತ್ತಿದ್ದು, ೧೯೪೪ರ ಮಾರ್ಚಿನಲ್ಲಿ ದೋರಾಬ್‌ಜಿಯವರ ಹೆಸರಿನ ಧರ್ಮನಿಧಿಗೆ ಪತ್ರ ಬರೆದು, ಮೂಲವಿಜ್ಞಾನದ ಸಂಶೋಧನೆಗೆಂದು ಮತ್ತೊಂದು ಸಂಸ್ಥೆಯನ್ನು ಕಟ್ಟಲು ನೆರವನ್ನು ಕೇಳಿದರು. ೧೯೪೫ರಲ್ಲಿ ಆ ಹೊಸ ಸಂಸ್ಥೆಯು ಬೆಂಗಳೂರಿನ ಮಂದಿರದ ಆವರಣದಲ್ಲಿಯೇ ಪ್ರಾರಂಭವಾಗಿ ಬಳಿಕ ಮುಂಬಯಿಗೆ ಹೋಯಿತು. ಒಬ್ಬನ ದಾನವು ಮತ್ತೊಂದು ದಾನಕ್ಕೆ ಬೀಜವಾಗುವುದೆಂದರೆ ಇದೇ.

ಈ ಚರಿತ್ರೆಯಿಂದ ಕೊಡಗಿನವರೂ ಕನ್ನಡಿಗರೆಲ್ಲರೂ ಕಲಿಯಬೇಕಾದುದೇನು? ಟಾಟಾ ಅವರಂತಹ ಐಶ್ವರ್ಯವಂತರು ಪ್ರತಿಯೊಂದು ಜಿಲ್ಲೆಯಲ್ಲಿಯೂ ಇರುವುದಿಲ್ಲವೆಂದು ಕೆಲವರು ಹೇಳಬಹುದು. ನಿಜ. ಆದರೆ ಅವರ ಕ್ರಮವನ್ನು ಅನುಸರಿಸುವುದಕ್ಕೆ ಮೂವತ್ತು ಲಕ್ಷವೇ ಬೇಕೆಂದಿಲ್ಲ. ಕೊಡಗು ಕಾಫಿಯ ನಾಡು, ಮೆಣಸಿನ ನಾಡು. ಅಲ್ಲಿಂದ ಹೊರಟು ಸೈನ್ಯದಲ್ಲಿಯೂ ಉದ್ಯೋಗಗಳಲ್ಲಿಯೂ ಮೇಲೆ ಬಂದವರಿಗೆ ಲೆಕ್ಕವಿಲ್ಲ. ಇವರೆಲ್ಲರೂ ತಮ್ಮ ಜಿಲ್ಲೆಯ ವಿದ್ಯೆಗೆಂದು ಮೊದಲು ಒಂದು ಸ್ಥಿರವಾದ ಮೂಲನಿಧಿಯನ್ನು ಕೂಡಿಸಲಿ. ಅದರ ಬಡ್ಡಿ ಬಾಡಿಗೆಗಳಿಂದ ವರ್ಷವರ್ಷವೂ ಏನು ನಡೆಯಬಹುದೆಂದು ಬರೆದಿಡಲಿ. ಆ ಬರಹವನ್ನೂ ಆ ಹಣವನ್ನೂ ಮುಂದಿಟ್ಟುಕೊಂಡು ರಾಜ್ಯ ಸರ್ಕಾರವನ್ನೂ ದೆಹಲಿಯ ಸರ್ಕಾರವನ್ನೂ ದೊಡ್ಡ ಉದ್ಯಮಗಳನ್ನೂ ಕೇಳಲಿ. ಬರಿಗೈಯಲ್ಲಿ ಹೋಗಿ ಬೇಡುವವನಿಗೆ ಸಿಕ್ಕುವುದು ಆಶ್ವಾಸನೆ. ಅರ್ಧವನ್ನು ಹೊತ್ತುಕೊಂಡು ಹೋದವನು ಉಳಿದರ್ಧವನ್ನು ಹಕ್ಕಿನಿಂದ ಕೇಳಬಲ್ಲನು.

ಸರ್ಕಾರಕ್ಕೂ ಒಂದು ಮಾತನ್ನು ಹೇಳಬೇಕಾಗಿದೆ. ವಿಶ್ವವಿದ್ಯಾಲಯಕ್ಕೆ ನಾಮಕರಣವನ್ನು ಮಾಡಿ, ನೆಲವನ್ನೂ ನಿಧಿಯನ್ನೂ ಕೊಡದೆ, ಎರಡು ವರ್ಷಗಳಲ್ಲಿ ಅದು ಬಡವಾಗಿದೆಯೆಂದು ಮುಚ್ಚಲು ಹೊರಡುವುದು ಮಗುವನ್ನು ಹೆತ್ತು ಹಾಲೆರೆಯದೆ ಸೊರಗಿತೆಂದು ದೂರುವಂತೆ. ೧೮೯೮ರ ಪರಕೀಯ ಪ್ರಭುತ್ವವು ಹಲವು ಆಕ್ಷೇಪಣೆಗಳ ನಡುವೆಯೂ ಕೊನೆಗೆ ವಾರ್ಷಿಕ ಅನುದಾನದ ಲಿಖ ಒಪ್ಪಂದಕ್ಕೆ ಬಂದಿತು. ಪ್ರಜಾಪ್ರಭುತ್ವದ ಸರ್ಕಾರವು ಅಷ್ಟನ್ನಾದರೂ ಮಾಡಬೇಡವೇ?

ಕೊನೆಯದಾಗಿ, ಹಾಡಿಯ ಹುಡುಗನ ಮಾತು. ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ಏರ್ಪಟ್ಟಿತು; ಜೇನುಕುರುಬರನ್ನು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದೆಂದು ಸರ್ಕಾರವು ಗುರುತಿಸಿಯೂ ಇದೆ. ಆದರೆ ವಿದ್ಯಾರ್ಥಿವೇತನವು ಕಾಲೇಜಿನ ಬಾಗಿಲಿನವರೆಗೆ ತಲುಪಿಸೀತು. ಬಾಗಿಲ ಒಳಗೆ ಪ್ರಯೋಗಶಾಲೆಯೂ ಗ್ರಂಥಭಂಡಾರವೂ ಅಧ್ಯಾಪಕರೂ ಇರಬೇಕಾದರೆ ಸಂಸ್ಥೆಗೆ ಬೇರೆ ಆಧಾರವಿರಬೇಕು. ಟಾಟಾ ಅವರು ೧೮೯೨ರಲ್ಲಿ ವಿದ್ಯಾರ್ಥಿಗೂ ೧೮೯೬ರ ನಂತರ ಸಂಸ್ಥೆಗೂ ಬೇರೆ ಬೇರೆಯಾಗಿ ನಿಧಿಗಳನ್ನು ಹೂಡಿದುದರ ಅರ್ಥವಿದು. ಎರಡೂ ಕೂಡಿದಾಗ ಮಾತ್ರ ವಿದ್ಯೆಯು ಮೇಲಿನಿಂದ ಕೆಳಗಿನ ತನಕ ಹರಿಯುವುದು. ತಾನು ನೆಟ್ಟ ಮರದ ನೆರಳಿನಲ್ಲಿ ಕುಳಿತುಕೊಳ್ಳಲಾರೆನೆಂದು ತಿಳಿದೂ ನೆಡುವವರು ನಮ್ಮ ನಾಡಿನಲ್ಲಿ ಹಿಂದೆಯೂ ಇದ್ದರು. ಸಾಲುಮರಗಳೂ ಕೆರೆಕಟ್ಟೆಗಳೂ ಅದಕ್ಕೆ ಸಾಕ್ಷಿ. ಅಂಥವರು ಇಂದು ವಿದ್ಯೆಯ ಕ್ಷೇತ್ರದಲ್ಲಿ ಹುಟ್ಟಿಬರಬೇಕು. ಹುಟ್ಟಿಬರುವರೆಂದೇ ನಮ್ಮ ನಂಬಿಕೆ.